ಗೌರವ ಪಾಲುದಾರರು

ಕನ್ನಡದಲ್ಲಿ ಯಾವ ಪದದ ತಲೆಗೆ ‘ಗೌರವ’ ಅಂಟಿಕೊಂಡರೂ ಆ ಪದದ ಹೊಟ್ಟೆಯೊಳಗಿಂದ ಏನೋ ಒಂದು ಸದ್ದಿಲ್ಲದೆ ಜಾರಿಕೊಳ್ಳುತ್ತದೆ. ಗೌರವ ಡಾಕ್ಟರೇಟಿನಲ್ಲಿ ಓದು ಇರುವುದಿಲ್ಲ. ಗೌರವಾಧ್ಯಕ್ಷರಿಗೆ ಅಧಿಕಾರ ಇರುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಾತ್ರ ಕರೆ ಬರುತ್ತದೆ. ಗೌರವ ಸಂಪಾದಕರಿಗೆ ಸಂಬಳ ಇರುವುದಿಲ್ಲ, ಒಮ್ಮೊಮ್ಮೆ ಪತ್ರಿಕೆಯೂ ಇರುವುದಿಲ್ಲ. ಹಾಗಾಗಿ ಅಮೆಜಾನ್ ಮಳೆಕಾಡಿನ ಮೂಲನಿವಾಸಿಗಳ ಜತೆ ‘ಗೌರವಯುತ ಪಾಲುದಾರಿಕೆ’ ಎಂಬ ಮಾತು ಮೊದಲ ಸಲ ಕಿವಿಗೆ ಬಿದ್ದಾಗ, ಇದರೊಳಗಿಂದ ಜಾರಿರುವುದು ಏನು ಎಂದು ಹುಡುಕಿದೆ. ಬಹಳ ದೂರ ಹೋಗಬೇಕಾಗಲಿಲ್ಲ. ಪದದಲ್ಲೇ ಇತ್ತು: ಪಾಲು.

ಮಾತು ಕಿವಿಗೆ ಬಿದ್ದದ್ದು ದಕ್ಷಿಣ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ. ಅಮೆಜಾನ್ ಹೊತ್ತಿ ಉರಿಯುವ ವಿಡಿಯೊವನ್ನು ವಾಟ್ಸಾಪಿನಲ್ಲಿ ನೋಡಿ ಕರಗಿಹೋದ ಕೆಲವು ಸಜ್ಜನರು ಅಲ್ಲೊಂದು ಸಮಿತಿ ಕಟ್ಟಿದ್ದರು. ನನ್ನನ್ನು ಸೇರಿಸಿಕೊಂಡದ್ದು ನಡಾವಳಿ ಬರೆಯುವುದಕ್ಕೆ. ಸಮಿತಿಗೆ ಹೆಸರಿಡಲು ಎರಡು ಸಭೆ ಹಿಡಿಯಿತು, ಲಾಂಛನಕ್ಕೆ ಒಂದು. ನಾಲ್ಕನೆಯ ಸಭೆಯಲ್ಲಿ ಅಲ್ಲಿಯ ಮುಖಂಡರೊಬ್ಬರನ್ನು ಬೆಂಗಳೂರಿಗೆ ಕರೆಸಿ ಸನ್ಮಾನಿಸುವುದು ಎಂದಾಯಿತು. ಸನ್ಮಾನ ಎಂದಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಅಲ್ಲಿಗೆ ಚರ್ಚೆ ಗಂಭೀರವಾಯಿತು. ಅವರು ಗರಿಗಳ ಕಿರೀಟ ತೊಟ್ಟು ಬಂದರೆ ಪೇಟವನ್ನು ಎಲ್ಲಿ ಇಡುವುದು?

“ಕಿರೀಟ ತೆಗೆಸಿ ಇಟ್ಟರಾಯ್ತಲ್ಲ ಸಾರ್” ಎಂದರು ಖಜಾಂಚಿ.

“ಏನ್ರೀ ನೀವು, ಅದು ಅವರ ಸಂಸ್ಕೃತಿ. ತೆಗೆಸೋದು ಅಗೌರವ” ಎಂದರು ಅಧ್ಯಕ್ಷರು.

“ಹಾಗಾದ್ರೆ ಪೇಟ ಕೈಗೆ ಕೊಡೋಣ.”

“ಕೈಗೆ ಕೊಟ್ರೆ ಫೋಟೊದಲ್ಲಿ ಪಾರ್ಸೆಲ್ ಥರ ಕಾಣತ್ತೆ.”

ನಲವತ್ತು ನಿಮಿಷ ಇದೇ ನಡೆಯಿತು. ಆ ನಲವತ್ತು ನಿಮಿಷದಲ್ಲಿ ಅತಿಥಿಗಳು ಯಾವ ಜನಾಂಗದವರು, ಬ್ರೆಜಿಲಿನವರೋ ಪೆರುವಿನವರೋ, ಅಷ್ಟು ದೂರ ಬರಲು ಅವರಿಗೆ ಪುರುಸೊತ್ತಿದೆಯೇ ಎಂದು ಯಾರೂ ಕೇಳಲಿಲ್ಲ. ಕರೆಯುವ ವಿಷಯ ಮುಂದಿನ ಸಭೆಯ ಅಜೆಂಡಾದಲ್ಲಿತ್ತು.

ನಮ್ಮ ಸಮಿತಿಯನ್ನು ನೋಡಿ ನಗಬೇಡಿ. ನಮ್ಮದು ಚಿಲ್ಲರೆ ಅಂಗಡಿ. ಇದೇ ಸರಕಿನ ಸಗಟು ವ್ಯಾಪಾರ 2021ರ ನವೆಂಬರಿನಲ್ಲಿ ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ನಡೆಯಿತು. ಬ್ರಿಟನ್, ನಾರ್ವೆ, ಜರ್ಮನಿ, ಅಮೆರಿಕ, ನೆದರ್ಲೆಂಡ್ಸ್ ಎಂಬ ಐದು ಸರ್ಕಾರಗಳೂ 17 ಖಾಸಗಿ ದಾನಿ ಸಂಸ್ಥೆಗಳೂ ಒಂದಾಗಿ, ಕಾಡಿನ ಮೂಲನಿವಾಸಿಗಳ ಭೂಹಕ್ಕಿಗಾಗಿ 2025ರೊಳಗೆ 170 ಕೋಟಿ ಡಾಲರ್ ಕೊಡುತ್ತೇವೆ ಎಂದು ಘೋಷಿಸಿದವು. ಭರ್ಜರಿ ಚಪ್ಪಾಳೆ ಬಿತ್ತು. ಮರುವರ್ಷ ದಾನಿಗಳೇ ತಮ್ಮ ಲೆಕ್ಕ ಒಪ್ಪಿಸಿದರು. ಆ ಪ್ರಾಮಾಣಿಕತೆಗೆ ಒಂದು ನಮಸ್ಕಾರ. ಅದರ ಪ್ರಕಾರ ಮೊದಲ ವರ್ಷ ಖರ್ಚಾದ ದುಡ್ಡಿನಲ್ಲಿ ಮೂಲನಿವಾಸಿಗಳ ಸ್ವಂತ ಸಂಘಟನೆಗಳ ಕೈಗೆ ನೇರವಾಗಿ ತಲುಪಿದ್ದು ನೂರಕ್ಕೆ 7. ಅದರ ಮುಂದಿನ ವರ್ಷದ ಲೆಕ್ಕದಲ್ಲಿ ಅದು ನೂರಕ್ಕೆ 2.1.

ದಟ್ಟ ಮಳೆಕಾಡಿನ ಬಗ್ಗೆ ಸಸ್ಯಶಾಸ್ತ್ರದವರು ಒಂದು ಮಾತು ಹೇಳುತ್ತಾರೆ. ಮೇಲೆ ಸುರಿಯುವ ಬಿಸಿಲನ್ನೆಲ್ಲ ಎತ್ತರದ ಎಲೆಚಪ್ಪರವೇ ಹೀರಿಕೊಳ್ಳುತ್ತದಂತೆ. ನೆಲ ಮುಟ್ಟುವುದು ನೂರಕ್ಕೆ ಒಂದೆರಡು ಪಾಲು. ನಮ್ಮ ದಾನಿಗಳು ಕಾಡಿನ ನಿಯಮವನ್ನು ಇಷ್ಟು ನಿಷ್ಠೆಯಿಂದ ಪಾಲಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಎಲ್ಲಕ್ಕಿಂತ ಮೇಲೆ ಮುಗಿಲು ಮುಟ್ಟಿದ ಹೆಮ್ಮರಗಳು: ಜಾಗತಿಕ ಬ್ಯಾಂಕುಗಳು, ವಿಶ್ವಸಂಸ್ಥೆಯ ಶಾಖೋಪಶಾಖೆಗಳು. ಅದರ ಕೆಳಗೆ ಎಲೆಗೆ ಎಲೆ ತಾಗಿಸಿ ನಿಂತ ಚಪ್ಪರ: ವಾಷಿಂಗ್ಟನ್ನು, ಲಂಡನ್ನುಗಳಲ್ಲಿ ಕಚೇರಿ ಇರುವ ದೊಡ್ಡ ಎನ್‌ಜಿಒಗಳು. ಇನ್ನೂ ಕೆಳಗೆ ಆಯಾ ದೇಶದ ರಾಜಧಾನಿಯ ಸಂಸ್ಥೆಗಳೆಂಬ ಪೊದೆಗಳು. ಇವೆಲ್ಲದರ ನಡುವೆ, ಸ್ವಂತ ಕಾಂಡವಿಲ್ಲದಿದ್ದರೂ ಕಂಡ ಮರವನ್ನೆಲ್ಲ ತಬ್ಬಿಕೊಂಡು ಬಿಸಿಲಿನತ್ತ ಏರುವ ಬಳ್ಳಿಗಳು: ಸಲಹೆಗಾರರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಟ್ಟಿದವರ ಕಾಲದಲ್ಲಿ ದೇವರಿಗೂ ಭಕ್ತನಿಗೂ ನಡುವೆ ಒಬ್ಬನೇ ಪೂಜಾರಿ ಇದ್ದ ಎಂದು ಕಾಣುತ್ತದೆ. ಭಾಗ್ಯವಂತರು.

ಕನ್ನಡದಲ್ಲಿ ‘ಗೌರವ’ ಬಂದೂ ಒಳಗೆ ಏನೋ ಉಳಿದಿರುವ ಪದ ಒಂದೇ ಒಂದು, ಗೌರವಧನ. ಅದು ಸಲ್ಲುವುದು ಈ ಬಳ್ಳಿಗಳಿಗೆ. ಗೌರವ ಕಾಡಿನವರಿಗೆ, ಧನ ಸಲಹೆಗಾರರಿಗೆ. ಪದವನ್ನು ಇಷ್ಟು ಸಲೀಸಾಗಿ ಒಡೆದು ಹಂಚುವುದು ಪಂಡಿತರಿಂದಲೂ ಆಗದ ಕೆಲಸ.

ದುಡ್ಡನ್ನು ನೇರವಾಗಿ ಯಾಕೆ ಕೊಡುವುದಿಲ್ಲ ಎಂದು ಕೇಳಿದರೆ ಉತ್ತರ ಸಿದ್ಧವಿದೆ: ಅವರಿಗೆ ‘ಸಾಮರ್ಥ್ಯ’ ಸಾಲದು. ಸಾವಿರಾರು ವರ್ಷ ಕಾಡಿನೊಳಗೇ ಇದ್ದು ಕಾಡನ್ನು ಉಳಿಸಿಕೊಂಡವರಿಗೆ ಸಾಮರ್ಥ್ಯವಿಲ್ಲ. ಕಾಡು ಕಡಿದು ಊರು ಕಟ್ಟಿದವರಿಗೆ ಅದನ್ನು ಕಲಿಸಿಕೊಡುವ ಸಾಮರ್ಥ್ಯವಿದೆ. ಅರ್ಜಿ ಇಂಗ್ಲಿಷಿನಲ್ಲಿರಬೇಕು. ಸಂಸ್ಥೆ ನೋಂದಣಿಯಾಗಿರಬೇಕು. ಆಡಿಟ್ ಆದ ಲೆಕ್ಕಪತ್ರ ಬೇಕು. ಬ್ಯಾಂಕಿಗೆ ಹೋಗಿಬರಲು ಎರಡು ದಿನ ದೋಣಿ ಹುಟ್ಟುಹಾಕಿದರೆ ಅದಕ್ಕೂ ರಸೀದಿ ಬೇಕು, ನದಿಯ ಸಹಿಯೊಂದಿಗೆ. ಇದೆಲ್ಲ ಹೇಗೆ ಮಾಡುವುದೆಂದು ಹೇಳಿಕೊಡಲು ಕಾರ್ಯಾಗಾರ. ಕಾರ್ಯಾಗಾರದ ಖರ್ಚು ಯಾವ ಬಾಬ್ತಿಗೆ ಎಂದು ಕೇಳಬೇಡಿ. ಅದೂ ಕಾಡಿನವರಿಗೆ ಕೊಟ್ಟ ದುಡ್ಡೇ.

ಅದರ ಮರುವರ್ಷದ ಲೆಕ್ಕದಲ್ಲಿ ಆ 2.1 ಏರಿ ಹತ್ತರ ಆಸುಪಾಸಿಗೆ ಬಂತು, ಇಲ್ಲವೆನ್ನುವುದಿಲ್ಲ. ನೂರು ರೂಪಾಯಿ ಮುಯ್ಯಿ ಓದಿಸಿದ್ದೇನೆಂದು ಮೈಕಿನಲ್ಲಿ ಕೂಗಿಸಿ ಹತ್ತು ರೂಪಾಯಿ ಕೈಗಿಟ್ಟರೆ ನಮ್ಮ ಕಡೆ ಮದುವೆ ಮನೆಯಲ್ಲಿ ಊಟಕ್ಕೆ ಎಲೆ ಹಾಕುವುದಿಲ್ಲ, ಅಷ್ಟೆ.

ಮುಯ್ಯಿ ಎಂದಾಗ ನೆನಪಾಯಿತು. ಬ್ರೆಜಿಲಿನ ಅಮೆಜಾನ್ ಭಾಗದ ಮೂಲನಿವಾಸಿ ಸಂಘಟನೆಗಳು ಬೇಸತ್ತು ತಮ್ಮದೇ ಒಂದು ನಿಧಿ ಕಟ್ಟಿಕೊಂಡಿವೆ. ಹೆಸರು ಪೊದಾಲಿ. ಬನಿವಾ ಭಾಷೆಯ ಪದ; ಕೊಟ್ಟದ್ದಕ್ಕೆ ಪ್ರತಿಯಾಗಿ ಕೈಚಾಚದೆ ಹಂಚಿ ಸಂಭ್ರಮಿಸುವುದು ಎಂಬ ಅರ್ಥ. ಎಕ್ವಡಾರಿನ ಕಾಡಿನಲ್ಲಿ ಊರೆಲ್ಲ ಸೇರಿ ಒಬ್ಬರ ಮನೆಯದೋ ಊರಿನದೋ ಕೆಲಸ ಮುಗಿಸುವುದಕ್ಕೆ ‘ಮಿಂಗಾ’ ಎನ್ನುತ್ತಾರೆ, ನಮ್ಮ ಮುಯ್ಯಾಳಿನ ಹಾಗೆ. ಇವತ್ತು ನನ್ನ ಗದ್ದೆ ನಾಟಿ, ನಾಳೆ ನಿನ್ನದು. ಮುಯ್ಯಾಳಿನಲ್ಲಿ ಕೊಟ್ಟವನೂ ಇಲ್ಲ, ಪಡೆದವನೂ ಇಲ್ಲ, ಫಲಾನುಭವಿ ಎಂಬ ಪ್ರಾಣಿ ಹುಟ್ಟಿಯೇ ಇರಲಿಲ್ಲ. ಪಾಲುದಾರಿಕೆ ಏನೆಂದು ಆ ಜನಕ್ಕೆ ಕಾರ್ಯಾಗಾರ ಮಾಡಿ ಕಲಿಸಲು ಹೊರಟವರ ಧೈರ್ಯ ದೊಡ್ಡದು.

ಈ ಧೈರ್ಯಕ್ಕೆ ಇತಿಹಾಸವೂ ಇದೆ. 1989ರಲ್ಲಿ ಅಮೆರಿಕದ ಬೆನ್ ಅಂಡ್ ಜೆರ್ರೀಸ್ ಕಂಪನಿ ಅಮೆಜಾನಿನ ಬೀಜ ಹಾಕಿದ ಐಸ್‌ಕ್ರೀಮ್ ತಂದಿತು. ತಿಂದಷ್ಟೂ ಕಾಡು ಉಳಿಯುತ್ತದೆ ಎಂಬ ಭರವಸೆ. ಜನ ಕಾಡಿನ ಮೇಲಿನ ಪ್ರೀತಿಯಿಂದ ಬೊಜ್ಜು ಬೆಳೆಸಿಕೊಂಡರು. ಬೀಜದ ಬಹುಪಾಲು ಮಾಮೂಲಿ ವ್ಯಾಪಾರಿಗಳಿಂದ ಬಂದದ್ದು ಎಂದು ಆಮೇಲೆ ತಿಳಿಯಿತು.

ಐಸ್‌ಕ್ರೀಮು ಕರಗಿತು, ಕಾರ್ಬನ್ ಬಂತು. ಬ್ರೆಜಿಲಿನ ಪಾರಾ ರಾಜ್ಯದ ಮುಂಡುರುಕು ಜನರ ಜತೆ ಐರ್ಲೆಂಡಿನ ಕಂಪನಿಯೊಂದು ಮಾಡಿಕೊಂಡ ಒಪ್ಪಂದ 2012ರಲ್ಲಿ ಬೆಳಕಿಗೆ ಬಂತು. ಇಪ್ಪತ್ತು ಲಕ್ಷ ಹೆಕ್ಟೇರಿಗೂ ಮೀರಿದ ಕಾಡು, 30 ವರ್ಷ, 12 ಕೋಟಿ ಡಾಲರ್. ಕಾಡಿನ ಇಂಗಾಲದ ಮೇಲಿನ ಹಕ್ಕು ಕಂಪನಿಗೆ. ಇಷ್ಟೇ ಆಗಿದ್ದರೆ ವ್ಯಾಪಾರ ಎನ್ನಬಹುದಿತ್ತು. ಒಪ್ಪಂದದ ಒಳಗೆ ಇನ್ನೊಂದು ಮಾತಿತ್ತು: ಕಂಪನಿಯ ಒಪ್ಪಿಗೆಯಿಲ್ಲದೆ ಅವರು ತಮ್ಮದೇ ನೆಲದಲ್ಲಿ ಬೆಳೆ ಇಡುವಂತಿಲ್ಲ, ಮರ ಕಡಿಯುವಂತಿಲ್ಲ. ಮನೆ ಬಾಡಿಗೆಗೆ ಕೊಟ್ಟ ಯಜಮಾನಿ, ಇವತ್ತು ಒಲೆ ಹಚ್ಚಲೇ ಎಂದು ಬಾಡಿಗೆಯವನನ್ನು ಕೇಳುವ ಹಾಗೆ. ಇಂಥ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ಬ್ರೆಜಿಲಿನ ಮೂಲನಿವಾಸಿ ಇಲಾಖೆ ಹೇಳಿತು. ಆದರೂ ಆ ಒಪ್ಪಂದ ಬರೆದವರ ಕನ್ನಡ ನನಗೆ ಇಷ್ಟವಾಗುತ್ತದೆ. ‘ಪಾಲುದಾರಿಕೆ’ಯಿಂದ ಪಾಲನ್ನು ತೆಗೆಯುವುದು ಎಲ್ಲರಿಗೂ ಬರುತ್ತದೆ; ಇವರು ನೆಲವನ್ನೂ ತೆಗೆದಿದ್ದರು.

ಅದೇ ಮುಂಡುರುಕು ಜನ 2025ರ ನವೆಂಬರ್ 14ರಂದು ಬೆಲೆಮ್ ನಗರದ ಹವಾಮಾನ ಸಮ್ಮೇಳನದ ಹೆಬ್ಬಾಗಿಲಿಗೆ ಅಡ್ಡ ನಿಂತರು. ಅಮೆಜಾನಿನ ಬಾಯಲ್ಲೇ ನಡೆದ, ಅಮೆಜಾನಿನ ಹೆಸರಲ್ಲೇ ನಡೆದ ಸಮ್ಮೇಳನ. ಒಳಗೆ ಹೋಗಲು ಅಮೆಜಾನಿನ ಬಹಳ ಮಂದಿಯ ಕೊರಳಲ್ಲಿ ಪಾಸು ಇರಲಿಲ್ಲ. ಸಮ್ಮೇಳನದ ಅಧ್ಯಕ್ಷರೇ ಹೊರಗೆ ಬಂದು, ಅವರ ಮಗುವೊಂದನ್ನು ಎತ್ತಿಕೊಂಡು, ಅಹವಾಲು ಕೇಳಿದರು. ಮಗುವಿನ ಜತೆಯ ಫೋಟೊ ಜಗತ್ತಿನಾದ್ಯಂತ ಹೋಯಿತು. ಮದುವೆ ಮನೆಯಲ್ಲಿ ಮದುಮಗಳನ್ನೇ ಹೊರಗೆ ನಿಲ್ಲಿಸಿ, ಆಮೇಲೆ ಬೀಗರು ಬಂದು ಕ್ಷೇಮ ವಿಚಾರಿಸಿದಂತೆ.

ದಾನದ ಲೆಕ್ಕದಲ್ಲಿ ಎಕ್ವಡಾರಿನ ಯಾಸುನಿ ಕಾಡಿನ ಕತೆಗೆ ಸಾಟಿ ಇಲ್ಲ. ಹೊರಜಗತ್ತಿನ ಸಂಪರ್ಕವೇ ಬೇಡವೆಂದು ಒಳಗೊಳಗೆ ಸರಿದಿರುವ ತಗಾಯೆರಿ, ತರೊಮೆನಾನೆ ಜನರ ನೆಲೆ ಅದು. ಅದರಡಿ ಎಣ್ಣೆ. 2007ರಲ್ಲಿ ಅಧ್ಯಕ್ಷ ರಫಾಯೆಲ್ ಕೊರೆಯಾ ಜಗತ್ತಿನ ಮುಂದೆ ಒಂದು ಮಾತಿಟ್ಟರು: ಎಣ್ಣೆಯನ್ನು ಮುಟ್ಟುವುದಿಲ್ಲ, ಅದರ ಬೆಲೆಯ ಅರ್ಧದಷ್ಟು, ಅಂದರೆ 360 ಕೋಟಿ ಡಾಲರ್, ನೀವು ಕೂಡಿಸಿಕೊಡಿ. ಇಡೀ ಜಗತ್ತು ಎದೆಮುಟ್ಟಿಕೊಂಡು ಆಹಾ ಎಂದಿತು. ಆರು ವರ್ಷದಲ್ಲಿ ಹುಂಡಿಗೆ ನಿಜವಾಗಿ ಬಿದ್ದದ್ದು 1.3 ಕೋಟಿ ಡಾಲರ್. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. 2013ರಲ್ಲಿ ಕೊರೆಯಾ ಜಗತ್ತು ಕೈಕೊಟ್ಟಿತು ಎಂದು ಹೇಳಿ ಬಾವಿ ಕೊರೆಯಲು ಒಪ್ಪಿಗೆ ಕೊಟ್ಟರು. ಕತೆ ಅಲ್ಲಿಗೆ ಮುಗಿಯಲಿಲ್ಲ. 2023ರ ಆಗಸ್ಟಿನಲ್ಲಿ ಎಕ್ವಡಾರಿನ ಸಾಮಾನ್ಯ ಮತದಾರರು, ನಮಗಿಂತ ಬಡವರೂ ಅವರಲ್ಲಿದ್ದಾರೆ, ಜನಮತಗಣನೆಯಲ್ಲಿ ನೂರಕ್ಕೆ 59ರಷ್ಟು ಮಂದಿ ‘ಎಣ್ಣೆ ನೆಲದಲ್ಲೇ ಇರಲಿ’ ಎಂದರು. ಬಾವಿ ಮುಚ್ಚಲು ಅಲ್ಲಿಯ ಸರ್ಕಾರ ಆಮೆ ನಡಿಗೆ ನಡೆಯುತ್ತಿದೆ, ಅದು ಬೇರೆ. ಶ್ರೀಮಂತ ದೇಶಗಳು ಚೆಕ್ಕಿಗೆ ಪೆನ್ನು ಹುಡುಕುತ್ತಿದ್ದಾಗ ಬಡ ದೇಶದ ಜನ ಬೆರಳೆತ್ತಿ ತಮ್ಮ ಆದಾಯವನ್ನೇ ಬಿಟ್ಟುಕೊಟ್ಟರು.

ಇಷ್ಟು ಓದಿದ ಕೆಲವರು, ‘ನೋಡಿದ್ರಾ, ಅದಕ್ಕೇ ನಾನು ಯಾರಿಗೂ ಏನೂ ಕೊಡೋದಿಲ್ಲ’ ಎಂದು ಪರ್ಸನ್ನು ಮತ್ತೆ ಜೇಬಿಗೆ ಇಳಿಸುತ್ತಿರಬಹುದು. ಸ್ವಲ್ಪ ತಡೆಯಿರಿ. ನಿಮ್ಮ ಜಿಪುಣತನಕ್ಕೆ ಅಮೆಜಾನಿನ ಹೆಸರು ಬೇಡ.

1989ರಲ್ಲಿ ಪಾಪ್ ಗಾಯಕ ಸ್ಟಿಂಗ್, ಕಯಾಪೊ ಜನರ ಮುಖಂಡ ರಾವೊನಿ ಇಬ್ಬರೂ ದೇಶದೇಶ ಸುತ್ತಿದರು. ಒಬ್ಬರ ತುಟಿಯಲ್ಲಿ ಮರದ ಬಿಲ್ಲೆ, ಇನ್ನೊಬ್ಬರ ಬೆನ್ನ ಹಿಂದೆ ಕ್ಯಾಮೆರಾಗಳ ಹಿಂಡು. ಆಗಲೂ ಜನ ನಕ್ಕರು. ಆದರೆ ರಾವೊನಿ ಕೇಳಿದ್ದು ಒಂದೇ: ನಮ್ಮ ನೆಲಕ್ಕೆ ಗಡಿ ಹಾಕಿಸಿಕೊಡಿ. ಗದ್ದಲವೆಲ್ಲ ಆ ಕೆಲಸದ ಬೆನ್ನಿಗೆ ನಿಂತಿತು. 1993ರಲ್ಲಿ ಮೆಂಕ್ರಗ್ನೊಟಿ ಎಂಬ ಸುಮಾರು 49 ಲಕ್ಷ ಹೆಕ್ಟೇರ್ ನೆಲಕ್ಕೆ ಬ್ರೆಜಿಲ್ ಸರ್ಕಾರ ಅಧಿಕೃತ ಮುದ್ರೆ ಒತ್ತಿತು.

ಎಕ್ವಡಾರಿನ ಉತ್ತರದ ಕಾಡಿನಲ್ಲಿ ಲಾಗೊ ಅಗ್ರಿಯೊ ಎಂಬ ಊರಿದೆ. ಕೊಫಾನ್ ಜನರ ನೆಲದಲ್ಲಿ 1960ರ ದಶಕದಲ್ಲಿ ಎಣ್ಣೆ ಪತ್ತೆಮಾಡಿದ ಟೆಕ್ಸಾಕೊ ಕಂಪನಿಯವರು ತಮ್ಮ ತವರಿನ ಸೌರ್ ಲೇಕ್ ಊರಿನ ನೆನಪಿಗೆ ಇಟ್ಟ ಹೆಸರು. ಹುಳಿ ಕೆರೆ. (ನಮ್ಮಲ್ಲಿ ಹುಲಿಕೆರೆಗಳು ಬೇಕಾದಷ್ಟಿವೆ, ಅಲ್ಲಿ ಹುಲಿ ನೀರು ಕುಡಿದು ಹೋಗುತ್ತಿತ್ತು, ಹುಳಿ ಹಿಂಡಿ ಹೋಗುತ್ತಿರಲಿಲ್ಲ.) ಕಂಪನಿ ಕೋಟ್ಯಂತರ ಲೀಟರ್ ಕೊಳಕು ನೀರನ್ನು ತೊರೆಗಳಿಗೆ ಬಿಟ್ಟಿತು. ವರ್ಷವಿಡೀ ಮಳೆ ಸುರಿಯುವ ಕಾಡಿನಲ್ಲಿ ಕುಡಿಯುವ ನೀರಿಗೆ ತತ್ವಾರ. ಅಲ್ಲಿಗೆ ಬಂದ ಕೆಲವು ಹೊರಗಿನವರು ಪವರ್‌ಪಾಯಿಂಟ್ ತೆರೆಯುವ ಮೊದಲು, ನಿಮಗೇನು ಬೇಕು ಎಂದು ಕೇಳಿದರು. ನೀರು ಎಂದರು. ಮನೆಮನೆಗೆ ಮಳೆನೀರಿನ ತೊಟ್ಟಿ ಕೂತವು, ಊರವರೇ ಕೂರಿಸಿದರು. ತೊಟ್ಟಿ ಕೂರಿಸುತ್ತ ಕೊಫಾನ್, ಸಿಯೋನಾ, ಸಿಯೆಕೊಪಾಯ್, ವಾವೊರಾನಿ ಎಂಬ ನಾಲ್ಕು ಜನಾಂಗಗಳು ಮಾತಿಗೆ ಕೂತವು, ತಮ್ಮದೇ ಸೈಬೊ ಒಕ್ಕೂಟ ಕಟ್ಟಿಕೊಂಡವು, ತಮ್ಮ ಕಾಡಿನ ನಕ್ಷೆಯನ್ನು ತಾವೇ ಬರೆದುಕೊಂಡವು. ಸರ್ಕಾರದ ಎಣ್ಣೆ ನಕ್ಷೆಯಲ್ಲಿ ವಾವೊರಾನಿಗಳ ಜಾಗ ‘22ನೇ ಬ್ಲಾಕ್’. ಇವರ ನಕ್ಷೆಯಲ್ಲಿ ಮೀನು ಹಿಡಿಯುವ ಮಡು, ಔಷಧಿ ಗಿಡ, ಹಿರಿಯರ ಗೋರಿ. 2019ರ ಏಪ್ರಿಲಿನಲ್ಲಿ ಪಸ್ತಾಸಾ ಪ್ರಾಂತ್ಯದ ನ್ಯಾಯಾಲಯ, 2012ರಲ್ಲಿ ಸರ್ಕಾರ ವಾವೊರಾನಿಗಳ ಒಪ್ಪಿಗೆ ಪಡೆದೆವೆಂದು ಹೇಳಿಕೊಂಡ ಸಮಾಲೋಚನೆ ನಡೆದ ರೀತಿಯೇ ಸರಿಯಿಲ್ಲ ಎಂದಿತು. ಎಣ್ಣೆಗಾಗಿ ಹರಾಜಿಗೆ ನಿಂತಿದ್ದ 5 ಲಕ್ಷ ಎಕರೆ ಉಳಿಯಿತು. 2023ರ ನವೆಂಬರಿನಲ್ಲಿ ಇನ್ನೊಂದು ನ್ಯಾಯಾಲಯ ಸಿಯೆಕೊಪಾಯ್ ಜನರಿಗೆ ಅವರ ಹಿರಿಯರ 42,360 ಹೆಕ್ಟೇರ್ ನೆಲದ ಹಕ್ಕುಪತ್ರ ಕೊಡಲು ಆದೇಶಿಸಿತು.

ಗಮನಿಸಿದಿರಾ, ಎಲ್ಲೆಲ್ಲಿ ಏನಾದರೂ ಆಗಿದೆಯೋ ಅಲ್ಲೆಲ್ಲ ಅವರು ಕೊನೆಗೆ ಕೇಳಿದ್ದು ನಮ್ಮ ಯಾವ ರೈತನೂ ಕೇಳುವಂಥದ್ದೇ. ಪಹಣಿ. ನಾಡಕಚೇರಿಯ ಮುಂದೆ ಚಪ್ಪಲಿ ಸವೆಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ದಾನಿಗೆ ಪಹಣಿ ಕೊಡಿಸುವುದರಲ್ಲಿ ರುಚಿಯಿಲ್ಲ. ಸೋಲಾರ್ ದೀಪದ ಮೇಲೆ ಹೆಸರು ಬರೆಸಬಹುದು; ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟಿನ ಮೇಲೆ ಬರೆಸುವ ಹಾಗೆ, ಹೆಸರು ಹೋಗಿ ಮಿಕ್ಕ ಜಾಗದಲ್ಲಿ ಬೆಳಕು ಬರುತ್ತದೆ. ಪಹಣಿಯಲ್ಲಿ ದಾನಿಯ ಹೆಸರಿಗೆ ಕಾಲಂ ಇಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪಹಣಿ ಕೈಗೆ ಬಂದವನು ನಾಳೆ ನಿಮಗೂ ‘ಬೇಡ’ ಅಂದಾನು. ವಾವೊರಾನಿ ನಾಯಕಿ ನೆಮೊಂತೆ ನೆಂಕಿಮೊ 2024ರಲ್ಲಿ ತನ್ನ ಬದುಕಿನ ಕತೆ ಬರೆದಳು. ಬ್ರಿಟನ್ನಿನಲ್ಲಿ ಬಂದ ಆವೃತ್ತಿಯ ಹೆಸರಿನ ಅರ್ಥ, ನಾವು ಉದ್ಧಾರ ಮಾಡಿಸಿಕೊಳ್ಳುವುದಿಲ್ಲ ಎಂದು. ಉದ್ಧಾರಕ್ಕೆಂದೇ ವೀಸಾ ಮಾಡಿಸಿಕೊಂಡು ಕೂತವರು ಈಗ ಎಲ್ಲಿಗೆ ಹೋಗಬೇಕು?

ಐದನೆಯ ಸಭೆಯಲ್ಲಿ ನಾನು ಇದನ್ನೇ ಎತ್ತಿದೆ. ನಮ್ಮ ಅರ್ಜಿ ನಮೂನೆಯಲ್ಲಿ ಫಲಾನುಭವಿಯ ಹೆಸರು, ವಯಸ್ಸು, ಮಕ್ಕಳೆಷ್ಟು, ನೆರವಿನಿಂದ ಆದ ಸಂತೋಷ ಹತ್ತರಲ್ಲಿ ಎಷ್ಟು ಎಂದೆಲ್ಲ ಇದೆ. ‘ಬೇಡ’ ಎಂದು ಗುರುತು ಹಾಕಲು ಒಂದು ಚೌಕ ಇರಲಿ ಎಂದೆ. ಅಧ್ಯಕ್ಷರು ನೊಂದುಕೊಂಡರು. “ನಾವು ಇಷ್ಟು ಪ್ರೀತಿಯಿಂದ ಕೊಡುವಾಗ ಅವರು ಯಾಕ್ರೀ ಬೇಡ ಅಂತಾರೆ?”

ಈ ಸಭೆ ನಡೆದದ್ದು ಕಬಿನಿ ಹಿನ್ನೀರಿನ ದಂಡೆಯ ಒಂದು ರೆಸಾರ್ಟಿನಲ್ಲಿ. ಕಾಡಿನ ಬಗ್ಗೆ ಯೋಚಿಸಲು ಕಾಡೇ ಬೇಕು ಎಂದು ಚಿಂತನ ಶಿಬಿರವನ್ನು ಅಲ್ಲಿ ಇಟ್ಟುಕೊಂಡಿದ್ದೆವು. ಊಟದ ಹೊತ್ತಿನಲ್ಲಿ ಸುಮ್ಮನಿರದೆ ಇನ್ನೊಂದು ಮಾತು ಎತ್ತಿದೆ. ಇಲ್ಲೇ ನಾಗರಹೊಳೆಯಲ್ಲಿ, ನಲವತ್ತು ವರ್ಷದ ಹಿಂದೆ ಕಾಡಿನಿಂದ ಎಬ್ಬಿಸಿದ ಜೇನುಕುರುಬರ ಐವತ್ತಕ್ಕೂ ಹೆಚ್ಚು ಕುಟುಂಬಗಳು 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ವಾಪಸು ಬಂದು ಗುಡಿಸಲು ಹಾಕಿಕೊಂಡಿವೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ನಮ್ಮ ನೆಲ ನಮಗೆ ಬರೆದುಕೊಡಿ ಎನ್ನುತ್ತಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶದೊಳಗೇ, ಅಂಥ ಸಾಮುದಾಯಿಕ ಹಕ್ಕು ಸಿಕ್ಕಿದೆ. ಇವರ ಅರ್ಜಿ ಬರೆಯಲು, ವಕೀಲರಿಗೆ, ಓಡಾಟಕ್ಕೆ ನಮ್ಮ ನಿಧಿಯಿಂದ ಏನಾದರೂ ಮಾಡಬಹುದಲ್ಲ ಎಂದೆ.

ಚಮಚಗಳ ಸದ್ದು ನಿಂತಿತು.

“ಅದು ಲೋಕಲ್ ವಿಷಯ ಸಾರ್” ಎಂದರು ಖಜಾಂಚಿ, ಮೆಲ್ಲಗೆ.

“ಸ್ವಲ್ಪ ಸೆನ್ಸಿಟಿವ್” ಎಂದರು ಇನ್ನೊಬ್ಬರು. “ಈ ರೆಸಾರ್ಟಿನವರೂ ನಮ್ಮ ಸ್ಪಾನ್ಸರ್ ಅಲ್ವಾ.”

“ಮತ್ತೆ ಹುಲಿ?” ಎಂದರು ಅಧ್ಯಕ್ಷರು, ಹುಲಿಯ ಪರವಾಗಿ. ಮಧ್ಯಾಹ್ನದ ಸಫಾರಿಗೆ ಅವರ ಹೆಸರು ಬರೆಸಿ ಆಗಿತ್ತು.

ನಡಾವಳಿಯಲ್ಲಿ ‘ವಿಷಯವನ್ನು ಸವಿಸ್ತಾರವಾಗಿ ಚರ್ಚಿಸಿ ಮುಂದೂಡಲಾಯಿತು’ ಎಂದು ಬರೆದೆ. ‘ಬೇಡ’ ಚೌಕವನ್ನೂ ಅದೇ ಸಾಲಿಗೆ ಸೇರಿಸಿದೆ. ಅವಿರೋಧವಾಗಿ ಅಂಗೀಕಾರವಾದದ್ದು ಪೇಟದ ಖರೀದಿ ಒಂದೇ. ಒಟ್ಟು ಎಂಟು, ಅತಿಥಿಗೆ ಒಂದು, ವೇದಿಕೆಯಲ್ಲಿ ಬರಿದಲೆಯಲ್ಲಿ ಕೂತರೆ ಚೆನ್ನಾಗಿರುವುದಿಲ್ಲ ಎಂದು ಪದಾಧಿಕಾರಿಗಳಿಗೆ ಏಳು.

ಹೋದ ವಾರ ಚಿಕ್ಕಪೇಟೆಯ ಅಂಗಡಿಯಿಂದ ಫೋನ್ ಬಂತು. “ಸಾರ್, ನಿಮ್ಮವರ ಏಳು ಅಳತೆ ಬಂದಿದೆ. ಎಂಟನೇದು, ಆ ಗೆಸ್ಟ್‌ದು, ತಲೆ ಅಳತೆ ಎಷ್ಟು ಸಾರ್?”

ಗೊತ್ತಿಲ್ಲಪ್ಪ ಎಂದೆ.

“ಅವರನ್ನೇ ಒಂದು ಮಾತು ಕೇಳಿಬಿಡಿ ಸಾರ್.”

ಅಧ್ಯಕ್ಷರನ್ನು ವಿಚಾರಿಸಿದೆ. ಅಷ್ಟಕ್ಕೆಲ್ಲ ಅವರಿಗೆ ತೊಂದರೆ ಕೊಡುವುದು ಬೇಡ, ಫ್ರೀ ಸೈಜ್ ಹೇಳಿಬಿಡಿ ಎಂದರು.